ಕರ್ನಾಟಕದ ಸುದ್ದಿ ಮಾಧ್ಯಮಗಳಲ್ಲಿ ಕುಟುಂಬ ಮತ್ತು ಸಾಮಾಜಿಕ ವರ್ಗ

ಕರ್ನಾಟಕದ ಸುದ್ದಿ ಮಾಧ್ಯಮಗಳಲ್ಲಿ ಕುಟುಂಬ ಮತ್ತು ಸಾಮಾಜಿಕ ವರ್ಗ ಎಂಬುದು ಪತ್ರಿಕೆ, ದೂರದರ್ಶನ ವಾಹಿನಿ ಹಾಗೂ ಅಂತರಜಾಲ ಸುದ್ದಿತಾಣಗಳು ಬಡ, ಕಾರ್ಮಿಕ, ಕೃಷಿಕ, ಮಧ್ಯಮ ಮತ್ತು ಶ್ರೀಮಂತ ವರ್ಗದ ಕುಟುಂಬಗಳನ್ನು ಓದುಗರ ಮುಂದೆ ಇಡುವ ಬಗೆಯನ್ನು ಕುರಿತ ಅಧ್ಯಯನ ವಿಷಯವಾಗಿದೆ. ಯಾವ ಕುಟುಂಬ ಸುದ್ದಿಯಾಗುತ್ತದೆ, ಯಾವ ಸಂದರ್ಭದಲ್ಲಿ ಸುದ್ದಿಯಾಗುತ್ತದೆ, ಆ ಸುದ್ದಿಗೆ ಮೂಲ ಯಾರು, ಸುದ್ದಿಯಲ್ಲಿ ಕುಟುಂಬದವರ ಮಾತಿಗೆ ಎಷ್ಟು ಜಾಗ ದೊರೆಯುತ್ತದೆ ಎಂಬ ಪ್ರಶ್ನೆಗಳು ಇದರಲ್ಲಿ ಮುಖ್ಯವಾದವು. ಭಾರತದಲ್ಲಿ ವರ್ಗವು ಜಾತಿಯೊಂದಿಗೆ ಹೆಣೆದುಕೊಂಡಿರುವುದರಿಂದ ಈ ಎರಡನ್ನೂ ಒಟ್ಟಿಗೇ ಪರಿಶೀಲಿಸುವುದು ರೂಢಿ. ಈ ಲೇಖನವು ಕನ್ನಡ ಮಾಧ್ಯಮಗಳನ್ನು, ವಿಶೇಷವಾಗಿ ತುಮಕೂರು ಜಿಲ್ಲೆಯ ಕೆಲವು ನಿದರ್ಶನಗಳನ್ನು ಆಧರಿಸಿದೆ.

ಪರಿಕಲ್ಪನೆ

ಮಾಧ್ಯಮವು ಒಂದು ಘಟನೆಯನ್ನು ಯಾವ ಚೌಕಟ್ಟಿನಲ್ಲಿ ಇಟ್ಟು ತೋರಿಸುತ್ತದೆ ಎಂಬುದು ಓದುಗರ ಅಭಿಪ್ರಾಯವನ್ನು ರೂಪಿಸುತ್ತದೆ ಎಂಬ ವಿಚಾರ ಸಂವಹನ ಶಾಸ್ತ್ರದಲ್ಲಿ ನೆಲೆಗೊಂಡಿದೆ. ಅಮೆರಿಕದ ರಾಜಕೀಯ ವಿಜ್ಞಾನಿ ಶಾಂತೋ ಅಯ್ಯಂಗಾರ್ 1991ರ ತಮ್ಮ ಕೃತಿಯಲ್ಲಿ ಸುದ್ದಿಯ ಎರಡು ಚೌಕಟ್ಟುಗಳನ್ನು ಗುರುತಿಸಿದರು. ಒಂದು ಪ್ರಸಂಗಾಧಾರಿತ ಚೌಕಟ್ಟು. ಇದರಲ್ಲಿ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಕಥೆಯಷ್ಟೇ ಇರುತ್ತದೆ. ಇನ್ನೊಂದು ವಿಷಯಾಧಾರಿತ ಚೌಕಟ್ಟು. ಇದರಲ್ಲಿ ಆ ಕಥೆಯ ಹಿಂದಿನ ನೀತಿ, ಅಂಕಿ ಅಂಶ ಮತ್ತು ಇತಿಹಾಸ ಇರುತ್ತದೆ. ಬಡತನವನ್ನು ಮೊದಲ ಚೌಕಟ್ಟಿನಲ್ಲಿ ನೋಡಿದವರು ಅದಕ್ಕೆ ಬಡವರನ್ನೇ ಹೊಣೆಯಾಗಿಸುವ ಸಾಧ್ಯತೆ ಹೆಚ್ಚು, ಎರಡನೆಯದರಲ್ಲಿ ನೋಡಿದವರು ಸಮಾಜ ಮತ್ತು ಸರ್ಕಾರದ ಹೊಣೆಯನ್ನು ಕಾಣುವ ಸಾಧ್ಯತೆ ಹೆಚ್ಚು ಎಂಬುದು ಅವರ ನಿರೂಪಣೆ. ಮಾರ್ಟಿನ್ ಗಿಲೆನ್ಸ್ 1999ರಲ್ಲಿ, ಡಯಾನಾ ಕೆಂಡಾಲ್ 2005ರಲ್ಲಿ ಪ್ರಕಟಿಸಿದ ಕೃತಿಗಳು ಅಮೆರಿಕದ ಮಾಧ್ಯಮಗಳಲ್ಲಿ ಬಡವರು ಮತ್ತು ಶ್ರೀಮಂತರ ಚಿತ್ರಣವನ್ನು ಚರ್ಚಿಸಿವೆ. ಬ್ರಿಟನ್ನಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಮಾಧ್ಯಮ ಅಧ್ಯಯನ ತಂಡವು 1970ರ ದಶಕದಿಂದ ಕಾರ್ಮಿಕರ ಕುರಿತ ದೂರದರ್ಶನ ಸುದ್ದಿಯನ್ನು ವಿಶ್ಲೇಷಿಸಿತು.

ಐತಿಹಾಸಿಕ ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂತು. ಈ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಆರಂಭದ ಪತ್ರಿಕೆಗಳ ಓದುಗರು ಅಕ್ಷರ ಬಲ್ಲ ಸಣ್ಣ ವರ್ಗಕ್ಕೆ ಸೀಮಿತರಾಗಿದ್ದರು. ಸ್ವಾತಂತ್ರ್ಯಾನಂತರ ‘ಪ್ರಜಾವಾಣಿ’ (1948), ‘ಕನ್ನಡಪ್ರಭ’ (1967), ‘ಉದಯವಾಣಿ’ (1970) ಮೊದಲಾದ ದಿನಪತ್ರಿಕೆಗಳು ಓದುಗರ ವಲಯವನ್ನು ಹಿಗ್ಗಿಸಿದವು. 1999ರಲ್ಲಿ ಆರಂಭವಾದ ‘ವಿಜಯ ಕರ್ನಾಟಕ’ ದರ ಸಮರಕ್ಕೆ ನಾಂದಿ ಹಾಡಿತು. ಜಿಲ್ಲೆಗೊಂದು ಆವೃತ್ತಿ ತರುವ ಪೈಪೋಟಿಯಿಂದಾಗಿ ಹಳ್ಳಿಯ ಸಾಮಾನ್ಯ ಕುಟುಂಬಗಳ ಹೆಸರುಗಳು ಮೊದಲ ಬಾರಿಗೆ ದಿನನಿತ್ಯವೂ ಅಚ್ಚಿನಲ್ಲಿ ಕಾಣತೊಡಗಿದವು. ಆದರೆ ಅವು ಬಹುಮಟ್ಟಿಗೆ ಜಿಲ್ಲಾ ಪುಟದಲ್ಲೇ ಉಳಿದವು, ಮುಖಪುಟಕ್ಕೆ ಬರಲಿಲ್ಲ.

2006ರಲ್ಲಿ ‘ಟಿವಿ9 ಕನ್ನಡ’ ಆರಂಭವಾದ ಬಳಿಕ ಇಪ್ಪತ್ತನಾಲ್ಕು ಗಂಟೆಯ ಸುದ್ದಿವಾಹಿನಿಗಳ ಯುಗ ಬಂದಿತು. ಕೌಟುಂಬಿಕ ಜಗಳ, ಪ್ರೇಮ ಪ್ರಕರಣ, ಆಸ್ತಿ ವಿವಾದಗಳು ನೇರಪ್ರಸಾರದ ವಸ್ತುವಾದವು. ಮನರಂಜನಾ ವಾಹಿನಿಗಳಲ್ಲಿಯೂ ‘ಬದುಕು ಜಟಕಾ ಬಂಡಿ’, ‘ಕಥೆಯಲ್ಲ ಜೀವನ’ ಮುಂತಾದ ಕಾರ್ಯಕ್ರಮಗಳು ದಂಪತಿಗಳ ಕಲಹವನ್ನು ವೇದಿಕೆಗೆ ತಂದವು. ಇಂಥ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಳ್ಳುವವರು ಹೆಚ್ಚಾಗಿ ಕೆಳವರ್ಗದವರು, ವಕೀಲರ ಶುಲ್ಕ ಭರಿಸಲಾಗದವರು ಎಂಬುದು ಅವುಗಳ ಮೇಲಿನ ಮುಖ್ಯ ಟೀಕೆ. ನ್ಯಾಯಾಲಯಕ್ಕೆ ಹೋಗಲಾಗದವರಿಗೆ ಅವು ಒಂದು ಆಸರೆ ಎಂಬ ಸಮರ್ಥನೆಯೂ ಇದೆ.

ಭಾಷೆಯಲ್ಲಿ ವರ್ಗಭೇದ

ಕನ್ನಡದಲ್ಲಿ ಕ್ರಿಯಾಪದವೇ ಗೌರವವನ್ನು ಸೂಚಿಸುತ್ತದೆ. ಆದ್ದರಿಂದ ಸುದ್ದಿಯಲ್ಲಿ ವರ್ಗಭೇದವು ಇಂಗ್ಲಿಷಿನಲ್ಲಿ ಕಾಣದಷ್ಟು ಸ್ಪಷ್ಟವಾಗಿ ಕಾಣಿಸುತ್ತದೆ.

• ಏಕವಚನ ಮತ್ತು ಬಹುವಚನ: ಅಧಿಕಾರಿ, ಉದ್ಯಮಿ ಅಥವಾ ಜನಪ್ರತಿನಿಧಿಯ ಮೇಲೆ ಆರೋಪ ಬಂದಾಗಲೂ ‘ಹೇಳಿದ್ದಾರೆ’, ‘ಬಂಧಿತರಾಗಿದ್ದಾರೆ’ ಎಂಬ ರೂಪವೇ ಬರುವುದುಂಟು. ಕೂಲಿಯವನೊಬ್ಬ ಆರೋಪಿಯಾದಾಗ ‘ಹೇಳಿದ್ದಾನೆ’, ‘ಸಿಕ್ಕಿಬಿದ್ದಿದ್ದಾನೆ’ ಎಂದಾಗುತ್ತದೆ. ಅಪಘಾತದಲ್ಲಿ ತೀರಿಕೊಂಡ ಕಾರ್ಮಿಕನಿಗೂ ಕೆಲವೊಮ್ಮೆ ‘ಮೃತಪಟ್ಟಿದ್ದಾನೆ’ ಎಂಬ ಏಕವಚನ ಬಳಕೆಯಾಗುತ್ತದೆ.
• ಸಾವಿನ ಪದಗಳು: ಗಣ್ಯರಿಗೆ ‘ನಿಧನ’, ‘ವಿಧಿವಶ’; ಸಾಮಾನ್ಯರಿಗೆ ‘ಸಾವು’, ‘ಬಲಿ’. ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’ ಎಂಬ ಸಿದ್ಧವಾಕ್ಯವು ನಿಧನ ವಾರ್ತೆಗೆ ಮೀಸಲಾಗಿದ್ದು, ಅಪಘಾತದ ಸುದ್ದಿಯಲ್ಲಿ ವಿರಳ.
• ಗುರುತಿನ ಪದಗಳು: ‘ಪ್ರತಿಷ್ಠಿತ ಕುಟುಂಬ’, ‘ಸುಸಂಸ್ಕೃತ ಮನೆತನ’ ಎಂಬ ವಿಶೇಷಣಗಳು ಆಸ್ತಿಯನ್ನೂ ಜಾತಿಯನ್ನೂ ಪರೋಕ್ಷವಾಗಿ ಸೂಚಿಸುತ್ತವೆ. ಬಡವರಿಗೆ ‘ಬಿಪಿಎಲ್ ಕುಟುಂಬ’, ‘ಫಲಾನುಭವಿ’, ‘ಸಂತ್ರಸ್ತರು’ ಎಂಬ ಆಡಳಿತದ ಪದಗಳೇ ಗುರುತಾಗುತ್ತವೆ.
• ಹಣದ ಪದಗಳು: ಕೃಷಿ ಸಾಲವನ್ನು ಬಿಟ್ಟರೆ ‘ಸಾಲ ಮನ್ನಾ’, ‘ಬೊಕ್ಕಸಕ್ಕೆ ಹೊರೆ’, ಉದ್ಯಮಕ್ಕೆ ತೆರಿಗೆ ಬಿಟ್ಟರೆ ‘ರಿಯಾಯಿತಿ’, ‘ಪ್ರೋತ್ಸಾಹ’.

ಪದಬಳಕೆ ಬದಲಾಗಬಲ್ಲದು ಎಂಬುದಕ್ಕೂ ಕನ್ನಡದಲ್ಲೇ ಉದಾಹರಣೆಯಿದೆ. ಅಂತರ್ಜಾತಿ ವಿವಾಹವನ್ನು ವಿರೋಧಿಸಿ ಕುಟುಂಬದವರೇ ನಡೆಸುವ ಕೊಲೆಯನ್ನು ಹಿಂದೆ ‘ಮರ್ಯಾದಾ ಹತ್ಯೆ’ ಎನ್ನಲಾಗುತ್ತಿತ್ತು. ಕೊಲೆಗೆ ಮರ್ಯಾದೆಯ ಹೆಸರು ಸಲ್ಲದೆಂಬ ಆಕ್ಷೇಪದಿಂದ ಈಗ ‘ಮರ್ಯಾದೆಗೇಡು ಹತ್ಯೆ’ ಎಂಬ ಪದ ಬಳಕೆಗೆ ಬಂದಿದೆ.

ಬಡ ಮತ್ತು ಕಾರ್ಮಿಕ ಕುಟುಂಬಗಳು

ಬಡ ಕುಟುಂಬಗಳು ಸುದ್ದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪಾತ್ರಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಮೊದಲನೆಯದು ಆರೋಪಿಯ ಪಾತ್ರ. ಮನೆಗೆಲಸದ ಮಹಿಳೆಯರು ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣಿಸುವುದು ಕಳವಿನ ಸುದ್ದಿಯಲ್ಲಿ. ಅವರ ಕೂಲಿ, ರಜೆ, ಕೆಲಸದ ಅವಧಿಗಳು ಸುದ್ದಿಯಾಗುವುದು ಅಪರೂಪ.

ಎರಡನೆಯದು ಸಂತ್ರಸ್ತರ ಪಾತ್ರ. ಮನೆ ಕುಸಿದಾಗ, ನೆರೆ ಬಂದಾಗ, ಆಸ್ಪತ್ರೆಯಲ್ಲಿ ಸಾವಾದಾಗ ಕುಟುಂಬದ ರೋದನದ ಚಿತ್ರ ಪ್ರಕಟವಾಗುತ್ತದೆ. ಪರಿಹಾರದ ಚೆಕ್ ವಿತರಣೆಯ ಚಿತ್ರದೊಂದಿಗೆ ಸುದ್ದಿ ಮುಗಿಯುತ್ತದೆ. ಆ ಚಿತ್ರದ ಕೇಂದ್ರದಲ್ಲಿರುವುದು ಚೆಕ್ ನೀಡುವವರು.

ಮೂರನೆಯದು ಸಾಧಕರ ಪಾತ್ರ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಫಲಿತಾಂಶದ ಮರುದಿನ ‘ಕೂಲಿ ಕಾರ್ಮಿಕನ ಮಗಳ ಸಾಧನೆ’, ‘ಆಟೊ ಚಾಲಕನ ಮಗನಿಗೆ ರ‍್ಯಾಂಕ್’ ಎಂಬ ಶೀರ್ಷಿಕೆಗಳು ತಪ್ಪದೆ ಬರುತ್ತವೆ. ಬಡ ವಿದ್ಯಾರ್ಥಿಯನ್ನು ತಂದೆಯ ಕಸುಬಿನಿಂದಲೂ ಉಳ್ಳವರ ಮಕ್ಕಳನ್ನು ಅವರ ಶಾಲೆಯ ಹೆಸರಿನಿಂದಲೂ ಗುರುತಿಸುವುದು ಈ ಪ್ರಕಾರದ ಲಕ್ಷಣ. ಇಂಥ ಸುದ್ದಿ ಸ್ಫೂರ್ತಿದಾಯಕವಾದುದು ನಿಜ. ಅದರಿಂದ ಅನೇಕ ವಿದ್ಯಾರ್ಥಿಗಳಿಗೆ ದಾನಿಗಳ ನೆರವೂ ದೊರೆತಿದೆ. ಆದರೆ ಒಬ್ಬರ ಗೆಲುವು ಉಳಿದವರ ಸೋಲನ್ನು ಅವರದೇ ಆಲಸ್ಯವೆಂಬಂತೆ ಕಾಣಿಸುತ್ತದೆ, ಶಾಲೆಯ ಶಿಕ್ಷಕರ ಕೊರತೆಯಂಥ ಕಾರಣಗಳನ್ನು ಮರೆಸುತ್ತದೆ ಎಂದು ವಿಮರ್ಶಕರು ಹೇಳುತ್ತಾರೆ.

ನಾಲ್ಕನೆಯದು ಫಲಾನುಭವಿಯ ಪಾತ್ರ. 2023ರಲ್ಲಿ ಕರ್ನಾಟಕ ಸರ್ಕಾರವು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆಯನ್ನೂ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ‘ಗೃಹಲಕ್ಷ್ಮಿ’ ಯೋಜನೆಯನ್ನೂ ಜಾರಿಗೊಳಿಸಿತು. ಒಂದೆಡೆ ‘ಬಿಟ್ಟಿ ಭಾಗ್ಯ’ ಎಂಬ ಮೂದಲಿಕೆ ಮತ್ತು ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವ ದೃಶ್ಯಗಳು ಪ್ರಸಾರವಾದವು. ಇನ್ನೊಂದೆಡೆ 2024ರಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧೆಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ಹಣದಿಂದ ಊರಿಗೆ ಹೋಳಿಗೆ ಊಟ ಹಾಕಿಸಿದ್ದು ರಾಜ್ಯದಾದ್ಯಂತ ಮೆಚ್ಚುಗೆಯ ಸುದ್ದಿಯಾಯಿತು. ಎರಡೂ ಬಗೆಯ ಸುದ್ದಿಯಲ್ಲಿ ಬಡ ಮಹಿಳೆ ಆ ಹಣಕ್ಕೆ ಅರ್ಹಳೇ ಅಲ್ಲವೇ ಎಂಬ ಪರೀಕ್ಷೆ ಅಡಗಿದೆ. ಮಧ್ಯಮ ವರ್ಗದವರು ಪಡೆಯುವ ಆದಾಯ ತೆರಿಗೆ ವಿನಾಯಿತಿಯ ಸುದ್ದಿಯಲ್ಲಿ ಅಂಥ ಪರೀಕ್ಷೆ ಇರುವುದಿಲ್ಲ.

ಕೃಷಿಕ ಕುಟುಂಬಗಳು

ರೈತರ ಆತ್ಮಹತ್ಯೆಯ ವರದಿಗಾರಿಕೆ ಈ ವಿಷಯದ ಅತ್ಯಂತ ಚರ್ಚಿತ ಭಾಗ. ಕರ್ನಾಟಕ ಸರ್ಕಾರ ನೇಮಿಸಿದ್ದ ಡಾ. ಜಿ.ಕೆ. ವೀರೇಶ್ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ಸಾಲಕ್ಕಿಂತ ಮದ್ಯವ್ಯಸನ, ಕೌಟುಂಬಿಕ ಕಲಹ ಮೊದಲಾದ ವೈಯಕ್ತಿಕ ಕಾರಣಗಳಿಗೆ ಒತ್ತು ನೀಡಿತು. ರೈತ ಸಂಘಟನೆಗಳೂ ಹಲವು ಸಮಾಜ ವಿಜ್ಞಾನಿಗಳೂ ಇದನ್ನು ಟೀಕಿಸಿದರು. ಸಮಾಜಶಾಸ್ತ್ರಜ್ಞೆ ಎ.ಆರ್. ವಸವಿ ಅವರು 2012ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಸಾವುಗಳನ್ನು ಗ್ರಾಮೀಣ ಬದುಕಿನ ಒಟ್ಟು ಬಿಕ್ಕಟ್ಟಿನ ಹಿನ್ನೆಲೆಯಲ್ಲಿ ವಿಶ್ಲೇಷಿಸಿದರು.

ಸುದ್ದಿಯ ಚೌಕಟ್ಟು ಇಲ್ಲಿ ನೇರ ಪರಿಣಾಮ ಬೀರುತ್ತದೆ. ಸಾವು ಕೃಷಿ ಸಾಲದಿಂದ ಆದದ್ದು ಎಂದು ಅಧಿಕಾರಿಗಳ ಸಮಿತಿ ಒಪ್ಪಿದರೆ ಮಾತ್ರ ಕುಟುಂಬಕ್ಕೆ ಪರಿಹಾರ ಸಿಗುತ್ತದೆ. 2015ರಲ್ಲಿ ಈ ಮೊತ್ತವನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ‘ಹೊಟ್ಟೆನೋವು ತಾಳಲಾರದೆ’, ‘ಕುಡಿತದ ಚಟದಿಂದ’ ಎಂಬ ಮೊದಲ ದಿನದ ಒಂದು ಸಾಲು ಆ ಮನೆಯ ಮೇಲೆ ಬಹುಕಾಲ ಉಳಿಯಬಲ್ಲದು. ಜಮೀನು ಗಂಡಸಿನ ಹೆಸರಿನಲ್ಲಿರುವುದರಿಂದ ಬೇಸಾಯ ಮಾಡುತ್ತಿದ್ದ ಹೆಣ್ಣುಮಕ್ಕಳ ಸಾವು ‘ಗೃಹಿಣಿ ಆತ್ಮಹತ್ಯೆ’ ಎಂದು ಬರೆಯಲ್ಪಡುವುದೂ ಉಂಟು. ಗೇಣಿಗೆ ಭೂಮಿ ಮಾಡುವವರಿಗೂ ಪಹಣಿಯ ಆಧಾರವಿಲ್ಲ.

ಪತ್ರಕರ್ತ ಪಿ. ಸಾಯಿನಾಥ್ ಅವರ 1996ರ ಇಂಗ್ಲಿಷ್ ಕೃತಿಯು ಜಿ.ಎನ್. ಮೋಹನ್ ಅವರ ಅನುವಾದದಲ್ಲಿ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿದೆ. ಬರವನ್ನು ಒಂದು ಘಟನೆಯಾಗಿ ಅಲ್ಲದೆ ನಿರಂತರ ಪ್ರಕ್ರಿಯೆಯಾಗಿ ವರದಿ ಮಾಡಬೇಕೆಂಬ ಅವರ ವಾದ ಕನ್ನಡದ ಯುವ ಪತ್ರಕರ್ತರ ಮೇಲೆ ಪ್ರಭಾವ ಬೀರಿತು.

ಹೋಲಿಕೆಗೆ 2019ರ ಜುಲೈಯ ಪ್ರಸಂಗವನ್ನು ನೋಡಬಹುದು. ಕೆಫೆ ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು ಜುಲೈ 29ರಂದು ಮಂಗಳೂರಿನ ಬಳಿ ನೇತ್ರಾವತಿ ಸೇತುವೆಯಿಂದ ನಾಪತ್ತೆಯಾದರು. 31ರಂದು ಅವರ ಶವ ಪತ್ತೆಯಾಯಿತು. ಆ ಸುದ್ದಿಯಲ್ಲಿ ಸಾಲದ ಒತ್ತಡ, ತೆರಿಗೆ ಇಲಾಖೆಯ ಕ್ರಮ, ಉದ್ಯಮದ ವಾತಾವರಣ, ಕುಟುಂಬದ ಕಾಫಿ ತೋಟದ ಹಿನ್ನೆಲೆ ಎಲ್ಲವೂ ವಿಸ್ತಾರವಾಗಿ ಚರ್ಚೆಯಾದವು. ಅದು ಉಚಿತವೇ ಆಗಿತ್ತು. ಸಾಲಕ್ಕೆ ಸಿಲುಕಿದ ಸಣ್ಣ ಹಿಡುವಳಿದಾರನ ಸಾವಿಗೂ ಅದೇ ಬಗೆಯ ವ್ಯವಸ್ಥೆಯ ವಿಚಾರಣೆ ಸಲ್ಲಬೇಕಲ್ಲವೇ ಎಂಬುದೇ ವರ್ಗ ದೃಷ್ಟಿಯ ಅಧ್ಯಯನ ಎತ್ತುವ ಪ್ರಶ್ನೆ.

ಮಧ್ಯಮ ವರ್ಗದ ಕುಟುಂಬಗಳು

ಸುದ್ದಿ ಮಾಧ್ಯಮಗಳು ಮಧ್ಯಮ ವರ್ಗವನ್ನು ‘ಸಾಮಾನ್ಯ ಕುಟುಂಬ’ದ ಅಳತೆಗೋಲಾಗಿ ಬಳಸುತ್ತವೆ. ಕೇಂದ್ರ ಮುಂಗಡಪತ್ರದ ದಿನ ‘ಶ್ರೀಸಾಮಾನ್ಯನಿಗೆ ಏನು ಸಿಕ್ಕಿತು’ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವುದು ಆದಾಯ ತೆರಿಗೆಯ ಹಂತಗಳು. ದೇಶದ ಬಹುಪಾಲು ದುಡಿಯುವವರು ಆ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ. ಪುರವಣಿಗಳಲ್ಲಿ ಬರುವ ಮಕ್ಕಳ ಪರೀಕ್ಷೆ, ಮೊಬೈಲ್ ಗೀಳು, ಅತ್ತೆ ಸೊಸೆಯ ಹೊಂದಾಣಿಕೆ, ಮನೆ ಸಾಲದ ಕಂತು ಇತ್ಯಾದಿ ಲೇಖನಗಳು ಸ್ವಂತ ಕೋಣೆಯಿರುವ, ಎರಡು ಸಂಬಳವಿರುವ ನಗರದ ಮನೆಯನ್ನು ಊಹಿಸಿಕೊಂಡು ಬರೆದಂತಿರುತ್ತವೆ.

2020ರ ಕೋವಿಡ್ ಲಾಕ್‌ಡೌನ್ ಈ ಅಂತರವನ್ನು ಎತ್ತಿ ತೋರಿಸಿತು. ಮನೆಯಿಂದಲೇ ಕೆಲಸ ಮಾಡುವ ಕುಟುಂಬಗಳು ಹೆಸರು, ಚಿತ್ರ, ಅನುಭವಗಳೊಂದಿಗೆ ಕಾಣಿಸಿಕೊಂಡವು. ಬೆಂಗಳೂರಿನಿಂದ ನಡೆದು ಹೊರಟ ವಲಸೆ ಕಾರ್ಮಿಕರ ಕುಟುಂಬಗಳು ಬಹುಮಟ್ಟಿಗೆ ಹೆಸರಿಲ್ಲದ ಗುಂಪಾಗಿ ಕಂಡವು. ಆದರೂ ಆ ವರ್ಷದ ಮೇ ತಿಂಗಳಲ್ಲಿ ವಲಸಿಗರ ರೈಲುಗಳನ್ನು ರದ್ದುಪಡಿಸಿದ ರಾಜ್ಯ ಸರ್ಕಾರವು ತೀವ್ರ ಟೀಕೆಯ ಬಳಿಕ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಮಾಧ್ಯಮದ ಒತ್ತಡ ಫಲ ನೀಡಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಶ್ರೀಮಂತ ಕುಟುಂಬಗಳು

ಶ್ರೀಮಂತ ಕುಟುಂಬಗಳು ಸುದ್ದಿಯಾಗುವುದು ಮುಖ್ಯವಾಗಿ ಉದ್ಯಮ, ದಾನ, ವಿವಾಹ ಮತ್ತು ಉತ್ತರಾಧಿಕಾರದ ವಿಷಯಗಳಲ್ಲಿ. 2016ರ ನವೆಂಬರ್ 8ರಂದು ನೋಟು ರದ್ದತಿ ಘೋಷಣೆಯಾದ ಎಂಟನೆಯ ದಿನ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವ ಜಿ. ಜನಾರ್ದನ ರೆಡ್ಡಿ ಅವರ ಮಗಳ ಮದುವೆ ನಡೆಯಿತು. ಅದರ ವೆಚ್ಚ ಸುಮಾರು 500 ಕೋಟಿ ರೂಪಾಯಿ ಎಂದು ಅನೇಕ ಮಾಧ್ಯಮಗಳು ಅಂದಾಜಿಸಿದವು. ಅದೇ ವಾರ ಮದುವೆ ಖರ್ಚಿಗೆ ಹಣವಿಲ್ಲದೆ ಬ್ಯಾಂಕಿನ ಮುಂದೆ ಸಾಲುಗಟ್ಟಿದ್ದ ಕುಟುಂಬಗಳ ವರದಿಗಳೂ ಬಂದವು. ಕೆಲವು ಮಾಧ್ಯಮಗಳು ಎರಡನ್ನೂ ಜೊತೆಗಿಟ್ಟು ಪ್ರಶ್ನಿಸಿದರೆ, ಇನ್ನು ಕೆಲವು ಮದುವೆಯ ಸೆಟ್ ಮತ್ತು ಆಭರಣಗಳ ವರ್ಣನೆಗೆ ಆದ್ಯತೆ ನೀಡಿದವು.

ಉಳ್ಳವರ ಮನೆಯೊಳಗಿನ ಹಿಂಸೆ, ಜೀತ, ಬಾಲಕಾರ್ಮಿಕರ ಬಳಕೆಗಳು ಹೊರಬರುವುದು ಕಡಿಮೆ. ಗೇಟು, ಕಾವಲುಗಾರ ಮತ್ತು ವಕೀಲರ ನೋಟಿಸು ಆ ಮನೆಗಳ ಖಾಸಗಿತನವನ್ನು ಕಾಯುತ್ತವೆ. ಗುಡಿಸಲಿಗೆ ಕ್ಯಾಮೆರಾ ಒಳಹೋಗಲು ಯಾರ ಅನುಮತಿಯನ್ನೂ ಕೇಳದಿರುವುದು ಇದರ ಇನ್ನೊಂದು ಮುಖ.

ತುಮಕೂರು ಜಿಲ್ಲೆಯ ನಿದರ್ಶನಗಳು

ತುಮಕೂರು: 2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲಿ ವಾಸವಿದ್ದ ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ಜಿಲ್ಲಾಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಲಿಲ್ಲ ಎಂಬ ಆರೋಪ ಕೇಳಿಬಂತು. ಮನೆಗೆ ಮರಳಿದ ಅವರು ಹೆರಿಗೆಯ ವೇಳೆ ಅವಳಿ ಶಿಶುಗಳೊಂದಿಗೆ ಮೃತಪಟ್ಟರು. ಸುದ್ದಿ ರಾಜ್ಯಮಟ್ಟಕ್ಕೆ ಹರಡಿತು. ವೈದ್ಯರು ಮತ್ತು ಶುಶ್ರೂಷಕಿಯರ ಅಮಾನತಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ನೋಟಿಸ್ ನೀಡಿತು. ತುರ್ತು ಚಿಕಿತ್ಸೆಗೆ ದಾಖಲೆ ಕೇಳಿ ವಾಪಸು ಕಳಿಸಬಾರದೆಂದು ಸರ್ಕಾರ ಸೂಚಿಸಿತು. ‘ವೈದ್ಯೆಯ ಅಮಾನವೀಯತೆ’ ಎಂಬುದು ಪ್ರಸಂಗಾಧಾರಿತ ಚೌಕಟ್ಟು. ‘ದಾಖಲೆಯಿಲ್ಲದ ವಲಸೆ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆ ತೆರೆದಿದೆಯೇ’ ಎಂಬುದು ವಿಷಯಾಧಾರಿತ ಚೌಕಟ್ಟು. ಎರಡನೆಯದು ಮುನ್ನೆಲೆಗೆ ಬಂದಾಗಲಷ್ಟೇ ನಿಯಮ ಬದಲಾಗುತ್ತದೆ.

ಕುಣಿಗಲ್ ಮತ್ತು ಗುಬ್ಬಿ: ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆಗೆ ಗುಬ್ಬಿ, ತುರುವೇಕೆರೆ, ತುಮಕೂರು ಭಾಗಗಳಲ್ಲಿ ವಿರೋಧ ವ್ಯಕ್ತವಾಯಿತು. 2025ರ ಮೇ ಅಂತ್ಯದಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೂ ದೊಡ್ಡ ಪ್ರತಿಭಟನೆ ನಡೆಯಿತು. ಇಂಥ ವಿವಾದಗಳ ಸುದ್ದಿಯಲ್ಲಿ ಶಾಸಕರು, ಸಚಿವರು ಮತ್ತು ಮಠಾಧೀಶರ ಹೇಳಿಕೆಗಳು ಮುಂದಿರುತ್ತವೆ. ತೆಂಗು ಅಡಿಕೆ ತೋಟವುಳ್ಳ ಕುಟುಂಬ, ಕೊಳವೆಬಾವಿ ಬತ್ತಿದ ಸಣ್ಣ ಹಿಡುವಳಿದಾರ ಮತ್ತು ಭೂಮಿಯೇ ಇಲ್ಲದ ಕೂಲಿ ಕುಟುಂಬ ಇವರೆಲ್ಲರೂ ‘ರೈತರು’ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತಾರೆ. ಆದರೆ ನೀರು ಬಂದರೆ ಅಥವಾ ಬರದಿದ್ದರೆ ಈ ಮೂವರ ಲಾಭ ನಷ್ಟ ಒಂದೇ ಅಲ್ಲ.

ಮಾರ್ಕೋನಹಳ್ಳಿ: ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯವು ಮೈಸೂರು ಅರಸರ ಕಾಲದ್ದು. ತುಂಬಿದಾಗ ತಾನಾಗಿಯೇ ನೀರು ಹೊರಬಿಡುವ ಸೈಫನ್ ವ್ಯವಸ್ಥೆ ಅದರ ವೈಶಿಷ್ಟ್ಯ. ಜಲಾಶಯ ಭರ್ತಿ, ಕೋಡಿ, ಬಾಗಿನ ಅರ್ಪಣೆಗಳು ಅಲ್ಲಿನ ವಾಡಿಕೆಯ ಸುದ್ದಿ. 2025ರ ಅಕ್ಟೋಬರ್‌ನಲ್ಲಿ ವಿಹಾರಕ್ಕೆಂದು ಬಂದಿದ್ದ ಒಂದೇ ಕುಟುಂಬದ ಹಲವರು ಸೈಫನ್‌ನಿಂದ ಹಠಾತ್ತನೆ ಹರಿದ ನೀರಿನಲ್ಲಿ ಕೊಚ್ಚಿಹೋದರು. ಇಂಥ ದುರಂತವನ್ನು ‘ನೀರಿಗಿಳಿದವರ ಅಜಾಗರೂಕತೆ’ ಎಂದೂ ಬರೆಯಬಹುದು; ತಾನಾಗಿ ತೆರೆದುಕೊಳ್ಳುವ ಸೈಫನ್‌ನ ಕೆಳಗೆ ಎಚ್ಚರಿಕೆಯ ಗಂಟೆ, ತಡೆಬೇಲಿ, ಕಾವಲು ಇರಬೇಕಿತ್ತೇ ಎಂದೂ ಕೇಳಬಹುದು. ದುಡ್ಡು ಕೊಟ್ಟು ರೆಸಾರ್ಟಿಗೆ ಹೋಗಲಾಗದ ಕುಟುಂಬಗಳಿಗೆ ಕೆರೆ, ಕಟ್ಟೆ, ಜಲಾಶಯಗಳೇ ವಿಹಾರ ತಾಣ. ಆದ್ದರಿಂದ ಎರಡನೆಯ ಪ್ರಶ್ನೆ ವರ್ಗಕ್ಕೂ ಸಂಬಂಧಿಸಿದ್ದು.

ಕಾರಣಗಳು

• ಸುದ್ದಿಮನೆಯ ಸಾಮಾಜಿಕ ರಚನೆ: 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಉನ್ನತ ಪತ್ರಕರ್ತರ ಸಮೀಕ್ಷೆಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರೂ ಕಂಡುಬರಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಪ್ರಕಟಿಸಿದ ವರದಿಯ ಪ್ರಕಾರ ಪರಿಶೀಲಿಸಿದ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಬಳಿ ಇದ್ದವು.
• ಸುದ್ದಿಯ ಮೂಲ: ಬಡವರ ಸುದ್ದಿ ಪೊಲೀಸ್ ಠಾಣೆ ಮತ್ತು ಸರ್ಕಾರಿ ಆಸ್ಪತ್ರೆಯಿಂದ ಬರುತ್ತದೆ. ಶ್ರೀಮಂತರ ಸುದ್ದಿ ಪತ್ರಿಕಾಗೋಷ್ಠಿ ಮತ್ತು ಪ್ರಕಟಣೆಯಿಂದ ಬರುತ್ತದೆ. ಮೂಲ ಬದಲಾದಂತೆ ಚಿತ್ರವೂ ಬದಲಾಗುತ್ತದೆ.
• ಜಾಹೀರಾತು: ಮಾಧ್ಯಮದ ಆದಾಯ ಕೊಳ್ಳುವ ಶಕ್ತಿಯುಳ್ಳ ಓದುಗರನ್ನು ಅವಲಂಬಿಸಿದೆ.
• ವರದಿಗಾರರ ಸ್ಥಿತಿ: ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರ ಸಂಭಾವನೆ ಅಲ್ಪ. ಅವರಲ್ಲಿ ಅನೇಕರು ತಾವು ಬರೆಯುವ ಕುಟುಂಬಗಳ ವರ್ಗದವರೇ ಆಗಿದ್ದರೂ ಸ್ಥಳದ ಮಿತಿ, ಸಮಯದ ಒತ್ತಡ ಮತ್ತು ಸ್ಥಳೀಯ ಪ್ರಭಾವಿಗಳ ಭಯ ಅವರ ಕೈ ಕಟ್ಟುತ್ತವೆ.

ಕಾನೂನು ಮತ್ತು ನೀತಿಸಂಹಿತೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಅಪರಾಧ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಮತ್ತು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಇದನ್ನು ನಿಷೇಧಿಸುತ್ತವೆ. ಕುಟುಂಬದ ವಿವರಗಳ ಮೂಲಕ ಗುರುತು ಸಿಗುವಂತೆ ಬರೆಯುವುದೂ ಸಲ್ಲದು. ಆತ್ಮಹತ್ಯೆಯ ವರದಿಯಲ್ಲಿ ವಿಧಾನದ ವಿವರಣೆ, ಚಿತ್ರ ಮತ್ತು ಭಾವೋದ್ರೇಕದ ಶೀರ್ಷಿಕೆಗಳನ್ನು ಬಿಡಬೇಕೆಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಅಂಗೀಕರಿಸಿತು. ಈ ನಿಯಮಗಳು ಎಲ್ಲ ವರ್ಗಗಳಿಗೂ ಸಮಾನ. ಉಲ್ಲಂಘನೆಯಾದಾಗ ದೂರು ನೀಡುವ ಅರಿವು ಮತ್ತು ಅನುಕೂಲ ಮಾತ್ರ ಸಮಾನವಾಗಿಲ್ಲ.

ಪರ್ಯಾಯ ಪ್ರಯತ್ನಗಳು

1970ರ ದಶಕದಲ್ಲಿ ಮೈಸೂರಿನಿಂದ ಹೊರಟ ‘ಪಂಚಮ’ ಪತ್ರಿಕೆ ದಲಿತ ಚಳವಳಿಯ ದನಿಯಾಯಿತು. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ ಓದುಗರ ಹಣದಿಂದಲೇ ನಡೆದು ಹೊಸ ಬರಹಗಾರರ ತಲೆಮಾರನ್ನು ಬೆಳೆಸಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಗ್ರಾಮೀಣ ಮಹಿಳೆಯರು ತಾವೇ ಕಾರ್ಯಕ್ರಮ ರೂಪಿಸಿದ ಸಮುದಾಯ ಬಾನುಲಿ ಪ್ರಯೋಗ. 2014ರಲ್ಲಿ ಸಾಯಿನಾಥ್ ಆರಂಭಿಸಿದ ‘ಪರಿ’ ಜಾಲತಾಣವು ಗ್ರಾಮೀಣ ಕುಟುಂಬಗಳ ದುಡಿಮೆಯನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದಾಖಲಿಸುತ್ತಿದೆ.

ಇವನ್ನೂ ನೋಡಿ

• ಮಂಗಳೂರ ಸಮಾಚಾರ
• ಕರ್ನಾಟಕದ ಪತ್ರಿಕೋದ್ಯಮ
• ಭಾರತೀಯ ಪತ್ರಿಕಾ ಮಂಡಳಿ
• ಲಂಕೇಶ್ ಪತ್ರಿಕೆ
• ಮಾರ್ಕೋನಹಳ್ಳಿ ಜಲಾಶಯ